ಸೂಜಿಗಲ್ಲಿಗೆ ಬಂದ ಗಡ್ಡ

ಸತುನಿಯ ಪೊರಕೆಯ ಹಿಡಿಗೆ ಒಂದು ಸೂಜಿಗಲ್ಲು ನೇತಾಡುತ್ತಿತ್ತು. ಕೆಟ್ಟ ಸ್ಪೀಕರೊಂದರಿಂದ ಬಿಚ್ಚಿದ, ಬಳೆಯಷ್ಟು ಅಗಲದ ಕಪ್ಪು ಉಂಗುರ. ಅದನ್ನು ಕಟ್ಟಿಕೊಟ್ಟವನು ಅವಳ ಗಂಡ ಕಸ್‌ಬುನ್. ಸುರಬಾಯಾ ಊರಿನ ಬೀದಿಗಳಲ್ಲಿ ಸೈಕಲ್ ರಿಕ್ಷಾ ತುಳಿಯುತ್ತಿದ್ದ ಅವನಿಗೆ, ಪಂಕ್ಚರ್ ಅಂಗಡಿಯವರೇ ರಸ್ತೆಗೆ ಮೊಳೆ ಚೆಲ್ಲಿ ಗಿರಾಕಿ ಹುಟ್ಟಿಸಿಕೊಳ್ಳುತ್ತಾರೆ ಎಂಬ ಸಿಟ್ಟು. "ಗುಡಿಸೋಳು ಹೆಂಗೂ ನೀನೇ. ಮೊಳೇನೂ ನೀನೇ ಆರ್ಸು, ನನ್ನ ಚಕ್ರ ಉಳೀತದೆ," ಅಂದಿದ್ದ. ಅವನು ಸತ್ತು ಹನ್ನೊಂದು ವರ್ಷವಾಗಿತ್ತು. ರಿಕ್ಷಾ ಮಾರಿಹೋಗಿತ್ತು. ಸೂಜಿಗಲ್ಲು ಮಾತ್ರ ಪೊರಕೆಯಿಂದ ಪೊರಕೆಗೆ ಬದಲಾಗುತ್ತ ಉಳಿದುಕೊಂಡಿತ್ತು.

ಸತುನಿಗೆ ಅರವತ್ತೊಂದು. ಹಳದಿ ಅಂಗಿ ತೊಟ್ಟು ಇಪ್ಪತ್ತೆಂಟು ವರ್ಷದಿಂದ ಗುಡಿಸುತ್ತಿದ್ದುದು ಒಂದೇ ರಸ್ತೆ: ಮೇಲುಸೇತುವೆಯ ಕಾಲಿನಿಂದ ಹೊಳೆಯ ಸೇತುವೆಯವರೆಗೆ. ಅಷ್ಟು ದೂರದಲ್ಲಿ ಹದಿನೇಳು ಮೋರಿಕಿಂಡಿ. ರಸ್ತೆಯಂಚಿನ ಕಲ್ಲಿನಲ್ಲಿ ಬಾಯಿ ತೆರೆದುಕೊಂಡಿರುವ ಆ ಕಿಂಡಿಗಳು ಅವಳಿಗೆ ತನ್ನ ಬಾಯಿಯ ಹಲ್ಲಿನಷ್ಟೇ ಪರಿಚಯ. ಹಲ್ಲಿಗಿಂತ ಹೆಚ್ಚೇ ಅನ್ನಬೇಕು, ಹಲ್ಲು ಈಗ ಅಷ್ಟು ಉಳಿದಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಸ್ತ್ರಿ ಕುಸ್ನಾದಿ ಒಂದು ಪಾಠ ಹೇಳಿಕೊಟ್ಟಿದ್ದ. ಎಲೆ, ಕಾಗದ, ಪ್ಲಾಸ್ಟಿಕ್ಕು ಚೀಲಕ್ಕೆ. ಧೂಳು ಕಿಂಡಿಗೆ. ಧೂಳು ತುಂಬಿದರೆ ಚೀಲ ಭಾರವಾಗುತ್ತದೆ, ಲಾರಿಯವರು ಎತ್ತುವುದಿಲ್ಲ, ಜಗಳವಾಗುತ್ತದೆ. "ಅದು ಮಳೆ ಪಾಲು ಕಣಮ್ಮ. ಮಳೆ ಬಂದು ತಗೊಂಡು ಹೋಗ್ತದೆ," ಅಂದಿದ್ದ. ಮಾತು ಚೆನ್ನಾಗಿತ್ತು. ಕೇಳಿದವರಿಗೆ ಮಳೆಗೂ ಒಂದು ಮರ್ಯಾದೆ ಕೊಟ್ಟ ಹಾಗಿತ್ತು. ಅಂದಿನಿಂದ ಬೆಳಗಾದರೆ ಸತುನಿ ಎಲೆಯನ್ನು ಬೇರೆ ಮಾಡಿ, ನುಣ್ಣನೆಯ ಕಪ್ಪು ಧೂಳನ್ನು ಅಂಚಿಗೆ ಒತ್ತಿ, ಕೊನೆಗೊಂದು ಬೀಸು ಬೀಸಿ ಕಿಂಡಿಯೊಳಕ್ಕೆ ಇಳಿಸುವಳು. ಗುಡಿಸಿದ ಮೇಲೆ ರಸ್ತೆ ಊಟಕ್ಕೆ ತೊಳೆದಿಟ್ಟ ಬಾಳೆಯೆಲೆಯಂತೆ ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರು, "ಮಾಕ್ ಸತುನಿ ಗುಡಿಸಿದ್ರೆ ರಸ್ತೆ ಮೇಲೇ ಊಟ ಬಡಿಸ್ಬೋದು," ಅನ್ನುತ್ತಿದ್ದರು. ವಯಸ್ಸಾದ ಹೆಂಗಸರನ್ನೆಲ್ಲ ಅಲ್ಲಿ ಮಾಕ್, ಅಂದರೆ ಅಮ್ಮ, ಎಂದೇ ಕರೆಯುವುದು; ಮರ್ಯಾದೆ ಕೊಡುವಾಗ ಗಂಡಸರಿಗೆ ಪಾ, ಹೆಂಗಸರಿಗೆ ಬು ಅನ್ನುವುದು. ಆ ಹೊಗಳಿಕೆಯನ್ನು ಅವಳು ಇಪ್ಪತ್ತೆಂಟು ವರ್ಷ ನಂಬಿದ್ದಳು.

ಓದಿದ್ದು ಎರಡನೇ ಕ್ಲಾಸು. ಆದರೆ ರಸ್ತೆಯನ್ನು ಓದುವುದು ಬರುತ್ತಿತ್ತು. ಮೊದಲ ನಾಲ್ಕು ಕಿಂಡಿಯ ಹತ್ತಿರ ಧೂಳು ಜಿಡ್ಡು. ಅಲ್ಲಿ ಮೋಟರ್ ಸೈಕಲ್ ರಿಪೇರಿಯವರು ಹಳೇ ಎಣ್ಣೆಯನ್ನು ನೆಲದ ಮೇಲೇ ಬಸಿಯುತ್ತಿದ್ದರು. ಕೆಂಪು ದೀಪದ ಹತ್ತಿರ ಕಪ್ಪು ರವೆಯಂಥ ಪುಡಿ. ಸಾವಿರ ಗಾಡಿಗಳು ಬ್ರೇಕು ಒತ್ತಿ ಟೈರು ಉಜ್ಜುವ ಜಾಗ ಅದು. ಹಕ್ಕಿ ಸಂತೆಯ ಮುಂದೆ ಹಿಕ್ಕೆ. ಕಾರು ತೊಳೆಯುವಲ್ಲಿ ಒಣಗಿದ ನೊರೆಯ ಬಿಳಿ ಗೆರೆ. ಕಟ್ಟುತ್ತಿರುವ ದೊಡ್ಡ ವಸತಿಯ ಗೇಟಿನಲ್ಲಿ ಸಿಮೆಂಟಿನ ಬೂದಿ. ಕಣ್ಣು ಕಟ್ಟಿ ಬಿಟ್ಟರೂ ಪೊರಕೆಯ ಸದ್ದಿನಿಂದಲೇ ಎಲ್ಲಿದ್ದೇನೆಂದು ಹೇಳಬಲ್ಲಳು. ದಿನದ ಕೊನೆಗೆ ಸೂಜಿಗಲ್ಲಿನಿಂದ ಮೊಳೆ ಕಿತ್ತು ತೆಗೆದ ಮೇಲೂ ಅದಕ್ಕೊಂದು ಕಪ್ಪು ಗಡ್ಡ ಉಳಿಯುತ್ತಿತ್ತು. ಮುಳ್ಳುಮುಳ್ಳಾಗಿ ನಿಂತ ಕಬ್ಬಿಣದ ಪುಡಿ. ಅದನ್ನು ಬೆರಳಿನಿಂದ ಸವರಿ ತೆಗೆದು ಅದನ್ನೂ ಕಿಂಡಿಗೇ ಉದುರಿಸುವಳು. ಮಳೆಯ ಪಾಲು.

ಸೇತುವೆಯ ಕೆಳಗೆ ಹೊಳೆ. ಹದಿನೇಳು ಕಿಂಡಿಯ ನೀರೂ ಒಂದೇ ದೊಡ್ಡ ಕೊಳವೆಯಲ್ಲಿ ಬಂದು ಅಲ್ಲಿ ಬೀಳುತ್ತಿತ್ತು. ಕೊಳವೆಯ ಬಾಯಿಂದ ಕೂಗಳತೆ ಕೆಳಗೆ ಗಾಯಮಾನ್ ಕೇರಿ. ಅಲ್ಲಿ ಸತುನಿಯ ತಂಗಿ ರುಕಾನಾ ಇದ್ದಳು. ಬಿದಿರು ಕಟ್ಟಿ, ಬಲೆ ಬಿಗಿದು ಹೊಳೆಯಲ್ಲೇ ಇಳಿಬಿಟ್ಟ ನಾಲ್ಕು ಮೀನಿನ ಪಂಜರ ಅವಳ ಬದುಕು. ಗಂಡ ಬಿಟ್ಟುಹೋದವಳು, ಬಾಯಿ ಜೋರು, ಪಂಜರದ ಮೀನನ್ನು ಹೆಸರಿಟ್ಟು ಬೈಯುತ್ತ ಸಾಕುವವಳು.

ಕೇರಿಗೆ ವರ್ಷಕ್ಕೊಂದು ಹಬ್ಬವಿತ್ತು, ಪಂಚಾಂಗದಲ್ಲಿ ಇಲ್ಲದ್ದು. ಆರು ತಿಂಗಳ ಬಿಸಿಲು ಕಳೆದು ಮೊದಲ ಮಳೆ ಬಿದ್ದ ದಿನ ಹೊಳೆಯ ಮೀನೆಲ್ಲ ಮೇಲೆ ಬಂದು ಬಾಯಿ ಕಳೆಯುತ್ತಿದ್ದವು. ಕೈಯಲ್ಲೇ ಹಿಡಿಯಬಹುದು. ಮೀನಿಗೆ ಅಮಲೇರಿದೆ ಎನ್ನುವರು. ಬಕೆಟ್ಟು, ಬೀಸುಬಲೆ, ಸೊಳ್ಳೆಪರದೆ, ಸಿಕ್ಕಿದ್ದು ಹಿಡಿದು ಕೇರಿಗೆ ಕೇರಿಯೇ ನೀರಿಗಿಳಿಯುವುದು. ಸಂಜೆ ಮನೆಮನೆಯಲ್ಲೂ ಮೀನು ಹುರಿದ ವಾಸನೆ, ಮೆಣಸಿನ ಚಟ್ನಿ ಅರೆಯುವ ಸದ್ದು. ಸತುನಿಯೂ ಇಪ್ಪತ್ತೆಂಟು ವರ್ಷ ಆ ಮೀನು ಉಂಡಿದ್ದಳು. ಮೊದಲ ಮಳೆಗೆ ದೇವರು ಕೊಟ್ಟ ದಾನ ಎಂದುಕೊಂಡು ನೆರೆಯವರಿಗೂ ಹಂಚಿದ್ದಳು. ಮೀನು ಯಾವ ಅಂಗಡಿಯಲ್ಲಿ ಕುಡಿದು ಬಂತು ಎಂದು ಯಾರೂ ಕೇಳಿರಲಿಲ್ಲ.

ಆ ವರ್ಷ ಬಿಸಿಲು ಎಂಟು ತಿಂಗಳು ಹಿಡಿಯಿತು. ಮಳೆ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಹೊಳೆಯ ಮೀನಿನ ಜೊತೆ ಪಂಜರದ ಮೀನೂ ಮೇಲೆ ಬಂದವು. ಹೊಳೆಯ ಮೀನಿಗಾದರೆ ಓಡಿಹೋಗಲು ದಾರಿಯಿತ್ತು, ಪಂಜರದವಕ್ಕೆ ಎಲ್ಲಿ? ಒಂದು ಗಂಟೆಯಲ್ಲಿ ನಾಲ್ಕೂ ಪಂಜರ ಬೆಳ್ಳಗಾದವು, ಹೊಟ್ಟೆ ಮೇಲೆ ಮಾಡಿದ ಮೀನಿನಿಂದ. ಆ ಸಂಜೆ ಕೇರಿಯಲ್ಲಿ ಹುರಿಯುವ ವಾಸನೆ ಬರಲಿಲ್ಲ. ರುಕಾನಾಳ ಮನೆಯ ಮುಂದೆ ಹಬ್ಬ ಮಾಡಲು ಯಾರಿಗೂ ಮನಸ್ಸಾಗಲಿಲ್ಲ.

ಮೂರನೆಯ ದಿನ ವಾರ್ಡ್ ಕಚೇರಿಯಿಂದ ಕಾಗದ ಬಂತು. ದಂಡೆಯ ಮನೆಗಳ ಸೋಪಿನ ನೀರು, ಕೊಚ್ಚೆ, ಪಂಜರಕ್ಕೆ ಹಾಕುವ ತಿಂಡಿ, ಇವುಗಳಿಂದಲೇ ಹೊಳೆ ಕೆಟ್ಟಿದೆ. ಆದ್ದರಿಂದ ಪಂಜರಗಳನ್ನು ಕಿತ್ತುಹಾಕಲಾಗುವುದು. ಬರುವ ಗುರುವಾರ ಕೇರಿಯ ಚಾವಡಿಯಲ್ಲಿ ಸಭೆ.

"ನೋಡೇ ಅಕ್ಕ," ಎಂದಳು ರುಕಾನಾ. "ಸತ್ತಿದ್ದು ನನ್ನ ಮೀನು. ಕೊಂದೋಳೂ ನಾನೇ ಅಂತೆ. ಇನ್ನು ನನ್ನನ್ನೇ ಹುರಿದು ತಿನ್ನೋದೊಂದು ಬಾಕಿ."

"ಬಟ್ಟೆ ಒಗೆದ ನೀರು ಹೊಳೆಗೇ ಬಿಡ್ತೀಯಲ್ಲ."

"ಬಿಡ್ತೀನಿ. ದಿನಾ ಬಿಡ್ತೀನಿ. ಎಂಟು ತಿಂಗಳೂ ಬಿಟ್ಟೆ. ದಿನಾ ಯಾಕೆ ಸಾಯಲಿಲ್ಲ? ನೀನು ಸರ್ಕಾರಿ ಅಂಗಿ ಹಾಕ್ಕೊಂಡಿದ್ದಕ್ಕೆ ಅವರ ಥರಾನೇ ಮಾತಾಡ್ತೀಯಾ?"

ಸತುನಿಯದು ಕೇಳಿಸಿಕೊಂಡು ಒಳಗೇ ಇಟ್ಟುಕೊಳ್ಳುವ ಸ್ವಭಾವ. ದಿನಾ ಯಾಕೆ ಸಾಯಲಿಲ್ಲ ಎಂಬ ಮಾತು ಮಾತ್ರ ಅಕ್ಕಿಯಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ತಾಗಿತು.

ಮರುದಿನ ಕೆಲಸ ಮುಗಿಸಿ, ತಂಗಿಯ ಪಂಜರ ತೊಳೆಯಲು ನೆರವಿಗೆ ಹೋದಳು. ಪೊರಕೆ ಜೊತೆಯಲ್ಲೇ ಇತ್ತು. ಬಲೆಯ ತಳದಲ್ಲಿ ಗೇಣೆತ್ತರ ಕಪ್ಪು ಕೆಸರು ಕೂತಿತ್ತು, ಅಂಟಂಟು, ಬಿಸಿಲಿಗೆ ಬಣ್ಣಬಣ್ಣವಾಗಿ ಮಿನುಗುವಂಥದ್ದು. ಅದನ್ನು ಬೋಗುಣಿಗೆ ಬಳಿದು ಹಾಕುವಾಗ ಪೊರಕೆ ಜಾರಿ, ಸೂಜಿಗಲ್ಲು ಕೆಸರಿನಲ್ಲಿ ಮುಳುಗಿತು. ಹಗ್ಗ ಹಿಡಿದೆಳೆದಳು. ನೀರಲ್ಲಿ ಅದ್ದಿ ತೊಳೆದಳು. ಕೆಸರು ಹೋಯಿತು. ಗಡ್ಡ ಹೋಗಲಿಲ್ಲ.

ಸತುನಿ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಆ ಗಡ್ಡ ಅವಳಿಗೆ ಗೊತ್ತು. ಕೆಂಪು ದೀಪದ ಹತ್ತಿರ, ಒಂಬತ್ತನೇ ಕಿಂಡಿಯಿಂದ ಹನ್ನೆರಡನೇ ಕಿಂಡಿಯವರೆಗೆ ದಿನಾ ಬೆಳೆಯುವ ಗಡ್ಡ. ದಿನಾ ಬೆರಳಿನಿಂದ ಸವರಿ ಉದುರಿಸಿದ ಗಡ್ಡ. ಎಂಟು ತಿಂಗಳು ಕೊಳವೆಯೊಳಗೆ ಕೂಡಿಟ್ಟುಕೊಂಡು ಕೂತು, ಒಂದೇ ಗಂಟೆಯಲ್ಲಿ ಇಳಿದು ಬಂದಿದೆ. ಎಣ್ಣೆಯೂ ಅದರ ಜೊತೆ, ಹಿಕ್ಕೆಯೂ ಜೊತೆ, ಸಿಮೆಂಟೂ ಜೊತೆ. ಕಳಿಸಿದ ಕೈ ತನ್ನದೇ.

"ಏನೇ ಅದು? ಚೇಳು ಕಂಡೋಳ ಥರ ಕೂತ್ಬಿಟ್ಟೆ," ಎಂದಳು ರುಕಾನಾ.

"ಏನಿಲ್ಲ. ಈ ಕೆಸರು ಚೆಲ್ಬೇಡ. ಬೋಗುಣೀಲೇ ಇರ್ಲಿ."

ಆವತ್ತು ಅವಳಿಗೆ ಬಂದ ಸಿಟ್ಟು ಮೊದಲು ತನ್ನ ಕೈಯ ಮೇಲೆ. ಆಮೇಲೆ ನಿಧಾನವಾಗಿ ಅದು ಮೇಲಕ್ಕೆ ಹತ್ತಿತು. ಗುಡಿಸಿದವಳು ತಾನು, ಆದರೆ ಎಣ್ಣೆ ಬಸಿದವಳು ತಾನಲ್ಲ. ಹದಿನೇಳು ಕಿಂಡಿಯ ಕೊಳವೆಗೆ ಒಂದು ಜಾಲರಿ, ಒಂದು ಹೂಳುಗುಂಡಿ ಕೂಡ ಇಡದೆ ಸೀದಾ ಹೊಳೆಯ ಬಾಯಿಗೆ ಇಟ್ಟವಳೂ ತಾನಲ್ಲ. ಮೊಸರು ತಿಂದ ಮಂಗ ಮೇಕೆಯ ಮೂತಿಗೆ ಒರೆಸಿದ ಕತೆ ಕೇಳಿದ್ದಳು. ಇಲ್ಲಿ ಒರೆಸುವ ಕೈಯನ್ನೂ ಸಂಬಳ ಕೊಟ್ಟು ಇಟ್ಟುಕೊಂಡಿದ್ದರಲ್ಲ!

ಮೇಸ್ತ್ರಿ ಕುಸ್ನಾದಿಗೆ ವಿಷಯ ಹೇಳಿದಳು. ಅವನು ಕಾಫಿಯ ಗ್ಲಾಸು ಕೆಳಗಿಟ್ಟು ಸುತ್ತಮುತ್ತ ನೋಡಿದ.

"ಮಾಕ್, ನಿನಗಿನ್ನು ಎರಡು ವರ್ಷ ಸರ್ವೀಸಿದೆ. ಸುಮ್ನೆ ಗುಡಿಸ್ಕೊಂಡು ಹೋಗು. ಸಭೇಲಿ ಬಾಯಿ ಬಿಟ್ರೆ ಮೊದಲು ಬೀಳೋದು ನಿನ್ನ ತಲೆ ಮೇಲೇ."

"ಕಿಂಡಿಗೆ ಹಾಕು ಅಂದೋನು ನೀನಲ್ವಾ?"

"ನಂಗೂ ಯಾರೋ ಹೇಳಿದ್ರು. ಅವರಿಗೂ ಯಾರೋ ಹೇಳಿದ್ರು. ಯಾರನ್ನ ಅಂತ ಹಿಡೀತೀಯಾ?"

"ಹಿಡಿಯೋದು ಆಮೇಲೆ. ಮೊದಲು ಪಂಜರ ಕೀಳೋದು ನಿಲ್ಲಲಿ."

ಗುರುವಾರ ಚಾವಡಿಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಮುಚ್ಚಳವಿಟ್ಟ ಚಹಾ ಗ್ಲಾಸು, ತಟ್ಟೆಯಲ್ಲಿ ಬಾಳೆಹಣ್ಣಿನ ಬೋಂಡ. ವಾರ್ಡ್ ಅಧಿಕಾರಿ ಹೆರ್ಮಾವನ್ ಮಧ್ಯದಲ್ಲಿ, ಪಕ್ಕದಲ್ಲಿ ಬರೆಯಲು ಗುಮಾಸ್ತೆ ವಿದ್ಯಾಸ್ತುತಿ. ಕೇರಿಯವರು ಚಾಪೆಯ ಮೇಲೆ. ಅಧಿಕಾರಿ ಕಾಗದ ಓದಿದ. ಕೊನೆಗೆ, "ಸ್ವಚ್ಛತೆ ಅನ್ನೋದು ಮನೇಲಿ ಕಲೀಬೇಕು. ದಂಡೆ ಜನಕ್ಕೆ ಅದೊಂದು ಬಂದಿದ್ರೆ ಹೊಳೆ ಈ ಗತಿಗೆ ಬರ್ತಿರಲಿಲ್ಲ," ಎಂದು ಸೇರಿಸಿದ.

ರುಕಾನಾ ಎದ್ದಳು. "ಪಾ, ನಮ್ಮ ಸೋಪು ದಿನಾ ಹೊಳೇಗೆ ಬೀಳ್ತದೆ, ಒಪ್ಕೋತೀನಿ. ಎಂಟು ತಿಂಗಳು ಸಾಯದ ಮೀನು ಮಳೆ ಬಂದ ಗಂಟೇಲಿ ಸತ್ತವು. ಮೋಡದಲ್ಲಿ ಸೋಪು ಇಟ್ಟೋರು ಯಾರು?"

ಚಾಪೆಯ ಮೇಲೆ ನಗು ಹರಿಯಿತು. "ನೀವೇನು ತಜ್ಞರಾ?" ಎಂದ ಅಧಿಕಾರಿ. "ಕೂತ್ಕೊಳ್ಳಿ ಬು."

ಅವಳು ಕೂತ ಮೇಲೆ ಸತುನಿ ಎದ್ದಳು. ಹಳದಿ ಅಂಗಿಯಲ್ಲೇ, ಪೊರಕೆ ಹಿಡಿದೇ ಬಂದಿದ್ದಳು. ಬೋಗುಣಿಯನ್ನು ಎತ್ತಿ ತಂದು ಬಿಳಿ ಬಟ್ಟೆಯ ಮೇಲೆ, ಬೋಂಡದ ತಟ್ಟೆಯ ಪಕ್ಕ ಇಟ್ಟಳು. ವಾಸನೆಗೆ ಅಧಿಕಾರಿಯ ಕುರ್ಚಿ ಹಿಂದೆ ಸರಿಯಿತು.

"ಇದು ಪಂಜರದ ತಳದ ಕೆಸರು, ಪಾ. ಮಳೆ ಬಿಟ್ಟುಹೋದದ್ದು." ಪೊರಕೆಯ ಸೂಜಿಗಲ್ಲನ್ನು ಎಲ್ಲರಿಗೂ ಕಾಣುವಂತೆ ಅಂಗಿಯ ಅಂಚಿನಲ್ಲಿ ಒರೆಸಿದಳು. ಕೆಸರಿನಲ್ಲಿ ಆಡಿಸಿದಳು. ಚಹಾಕ್ಕಿಟ್ಟಿದ್ದ ಬಿಸಿನೀರಿನ ಹೂಜಿಯಿಂದ ಸ್ವಲ್ಪ ಸುರಿದು ತೊಳೆದು ಎತ್ತಿ ಹಿಡಿದಳು. ಕಪ್ಪು ಗಡ್ಡ ಮುಳ್ಳುಹಂದಿಯಂತೆ ನಿಂತಿತ್ತು.

"ಇದು ಕಬ್ಬಿಣ. ಗಾಡಿ ಬ್ರೇಕು ಸವೆದು ಬೀಳೋ ಪುಡಿ. ನನ್ನ ತಂಗಿ ಲಂಗದಲ್ಲಿ ಬ್ರೇಕು ಇಲ್ಲ."

ಈ ಸಲ ನಗು ಜೋರಾಯಿತು. ಅಧಿಕಾರಿ ನಗಲಿಲ್ಲ. "ಕೇರಿಯಲ್ಲೂ ಮೋಟರ್ ಸೈಕಲ್ ಇವೆ."

"ಇವೆ. ಗಲ್ಲಿ ಬಾಯಲ್ಲೇ ಇಂಜಿನ್ ಆರಿಸಿ, ಇಳಿದು ತಳ್ಕೊಂಡು ಬರ್ಬೇಕು. ನೀವೂ ಇವತ್ತು ಗಾಡಿ ಆಚೆ ಬಿಟ್ಟು ನಡ್ಕೊಂಡೇ ಬಂದ್ರಿ. ತಳ್ಳೋ ಗಾಡೀಗೆ ಯಾರೂ ಬ್ರೇಕು ಒತ್ತಲ್ಲ, ಪಾ."

ಯಾರೋ ಹಿಂದಿನಿಂದ, "ಮಾಕ್‌ನ ವಾರ್ಡ್ ಆಫೀಸಿಗೆ ಕೂರ್ಸಿ," ಅಂದರು. ಸತುನಿ ಕೈ ಎತ್ತಿ ಸುಮ್ಮನಿರಿಸಿದಳು. ಮುಂದಿನ ಮಾತಿಗೆ ನಗು ಬೇಕಿರಲಿಲ್ಲ.

"ಇದನ್ನ ಕಿಂಡಿಗೆ ಹಾಕಿದೋಳು ನಾನು. ಇಪ್ಪತ್ತೆಂಟು ವರ್ಷ, ದಿನಾ. ಹಾಗೆ ಹಾಕು ಅಂತ ಹೇಳಿದ್ರು, ಹಾಕಿದೆ. ನನ್ನ ತಂಗಿ ಮೀನಿಗೆ ವಿಷ ಇಟ್ಟದ್ದು ಈ ಪೊರಕೆ."

ರುಕಾನಾ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಗೋಡೆಗೊರಗಿ ನಿಂತಿದ್ದ ಕುಸ್ನಾದಿ ಟೋಪಿ ಕೆಳಕ್ಕೆಳೆದುಕೊಂಡ. ಅಧಿಕಾರಿಯ ಮುಖ ಮಾತ್ರ ಅರಳಿತು. ಕಳ್ಳ ತಾನಾಗಿಯೇ ಮನೆಗೆ ಬಂದು ಬಾಗಿಲು ತಟ್ಟಿದ್ದ.

"ಬರಕೊಳ್ಳಿ," ಎಂದ ವಿದ್ಯಾಸ್ತುತಿಗೆ. "ಗುಡಿಸುವ ಕೆಲಸದವಳ ನಿರ್ಲಕ್ಷ್ಯದಿಂದ ಹೊಳೆ ಮಲಿನವಾಗಿದೆ. ಅವಳೇ ಒಪ್ಪಿಕೊಂಡಿದ್ದಾಳೆ."

"ಬರೀಲಿ," ಎಂದಳು ಸತುನಿ. "ಬರ್ದದ್ದನ್ನ ಓದ್ಲಿ. ಪೂರ್ತಿ ಬರ್ದಿದ್ರೆ ಸಹಿ ಹಾಕ್ತೀನಿ, ಅರ್ಧ ಇದ್ರೆ ಹಾಕಲ್ಲ."

ವಿದ್ಯಾಸ್ತುತಿ ಒಂದು ಸಾಲು ಓದಿದಳು.

"ಅರ್ಧವೇ ಇದೆ, ಮಗಳೇ. ಗುಡಿಸಿದೋಳ ಹೆಸರಿದೆ. ಕೆಡವಿದೋರ ಹೆಸರೆಲ್ಲಿ? ನಾನು ಮನೆಯಿಂದ ಧೂಳು ತಂದು ಸುರೀಲಿಲ್ಲ. ಬರಿ: ಒಂದನೇ ಕಿಂಡಿಯಿಂದ ನಾಲ್ಕರವರೆಗೆ ರಿಪೇರಿ ಅಂಗಡಿ ಎಣ್ಣೆ. ಆರನೇದು, ಪೆಟ್ರೋಲ್ ಬಂಕಿನೋರು ಸಾಹೇಬ್ರು ಬರೋ ಹಿಂದಿನ ದಿನ ನೆಲಕ್ಕೆ ಪೈಪ್ ಹಿಡಿದು ತೊಳೀತಾರೆ, ಅದು."

"ಅದೆಲ್ಲ ಈ ಸಭೆಗೆ ಸಂಬಂಧ ಇಲ್ಲ," ಎಂದ ಅಧಿಕಾರಿ.

"ಹಾಗಾದ್ರೆ ನನ್ನ ಸಹೀನೂ ಈ ಸಭೆಗೆ ಸಂಬಂಧ ಇಲ್ಲ."

ಗುಮಾಸ್ತೆ ಅಧಿಕಾರಿಯ ಮುಖ ನೋಡಿದಳು, ಮುದುಕಿಯ ಮುಖ ನೋಡಿದಳು, ಬರೆಯತೊಡಗಿದಳು. ಸತುನಿಗೆ ಅವಸರವಿರಲಿಲ್ಲ. ಜೀವಮಾನವೆಲ್ಲ ಗೇಣುಗೇಣಾಗಿ ರಸ್ತೆ ಮುಗಿಸಿದವಳು. ಕೆಂಪು ದೀಪದ ಟೈರಿನ ಪುಡಿ. ಸಂತೆ ಮಾಳಿಗೆಯ ತುಕ್ಕು ಹಿಡಿದ ತಗಡಿನಿಂದ ಇಳಿಯುವ ನೀರು. ಹಕ್ಕಿ ಸಂತೆಯ ಹಿಕ್ಕೆ, ದೊಡ್ಡ ಮನೆಯವರು ಮುಂಜಾನೆ ನಾಯಿ ಕರೆತಂದು ಮಾಡಿಸಿಹೋಗುವುದು. ಹೊಸ ವಸತಿ ಕಟ್ಟುವವರು ಸಿಮೆಂಟು ಕಲಸಿದ ಬಾಣಲೆ ತೊಳೆದು ಸೀದಾ ಕಿಂಡಿಗೇ ಬಗ್ಗಿಸಿದ್ದು.

"ಹದಿನಾಲ್ಕನೇದು, ಸೋಯಾಕಾಳಿನ ಬಿಲ್ಲೆ, ಟೆಂಪೆ, ಕರಿಯೋ ಬು ಸುಪಾತ್ಮಿ. ಸಂಜೆ ಕರಿದ ಎಣ್ಣೆ ಚೆಲ್ತಾಳೆ."

"ಅಯ್ಯೋ ಮಾಕ್, ದಿನಾ ನಿಂಗೆ ಬಿಟ್ಟಿ ಟೆಂಪೆ ಕೊಡ್ತೀನಲ್ಲೇ," ಎಂದಿತು ಚಾಪೆಯ ಮೇಲಿನಿಂದ ಒಂದು ದನಿ.

"ಅದಕ್ಕೇ ಇಷ್ಟು ವರ್ಷ ಸುಮ್ನಿದ್ದೆ. ನಾಚಿಕೆ ನಂಗೂ ಇದೆ. ಬರಿ ಮಗಳೇ. ದಂಡೆ ಮನೆಗಳ ಸೋಪಿನ ನೀರು, ಅದನ್ನೂ ಬರಿ."

"ಅಕ್ಕಾ," ಎಂದಳು ರುಕಾನಾ ಹಲ್ಲು ಕಚ್ಚಿ.

"ನಮ್ಮದೂ ಪಾಲಿದೆ ಕಣೇ. ನಮ್ಮದೊಂದನ್ನೇ ಬರ್ದಿದ್ದಕ್ಕೆ ನಂಗೆ ಸಿಟ್ಟು. ಇನ್ನೊಂದು ಉಳೀತು. ಹದಿನಾರನೇ ಕಿಂಡಿ ಹತ್ರ ಪ್ರತಿ ಗುರುವಾರ ಒಂದು ಬೂದಿ ಬಣ್ಣದ ಸರ್ಕಾರಿ ಕಾರು ನಿಲ್ತದೆ. ಅದರ ಹೊಟ್ಟೆಯಿಂದ ತೊಟ್ಟು ತೊಟ್ಟು ಎಣ್ಣೆ. ಇವತ್ತೂ ನಿಂತಿದೆ, ಪಾ. ಹೋಗುವಾಗ ಬಗ್ಗಿ ನೋಡಿ."

ಅಧಿಕಾರಿ ಚಹಾ ಗ್ಲಾಸಿನ ಮುಚ್ಚಳ ತೆಗೆದ, ಮತ್ತೆ ಮುಚ್ಚಿದ. ಇದನ್ನು ಬರೆಯಬೇಕೇ ಬೇಡವೇ ಎಂದು ವಿದ್ಯಾಸ್ತುತಿ ಕೇಳಲೂ ಇಲ್ಲ. ಬರೆದುಬಿಟ್ಟಳು. ಮೂರು ಹಾಳೆ ತುಂಬಿತು. ಸತುನಿ ಎರಡು ಸಲ ಓದಿಸಿಕೊಂಡು, ಮೂರನೇ ಹಾಳೆಯ ಕೊನೆಯಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂರಿಸಿ ಬರೆದಳು. ಆಮೇಲೆ ಕೇರಿಯವರೂ ಸಾಲಾಗಿ ಬಂದು ಕೆಳಗೆ ಸಹಿ ಹಾಕಿದರು. ಸುಪಾತ್ಮಿಯೂ ಗೊಣಗುತ್ತಲೇ ಹಾಕಿದಳು. ಅಷ್ಟು ಸಹಿ ಬಿದ್ದ ಕಾಗದವನ್ನು ಹರಿಯುವಂತಿರಲಿಲ್ಲ. ಕೊಳವೆ, ಕಿಂಡಿಗಳ ತಪಾಸಣೆ ಆಗುವವರೆಗೆ ಪಂಜರ ಮುಟ್ಟುವುದಿಲ್ಲ ಎಂದು ಅಧಿಕಾರಿ ಕೊನೆಗೊಂದು ಸಾಲು ಸೇರಿಸಿ ಎದ್ದ. ಕಾರಿನ ಕೆಳಗೆ ಬಗ್ಗಿ ನೋಡದೆ ಹತ್ತಿ ಹೋದ.

ರುಕಾನಾಳ ಪಂಜರ ಉಳಿಯಿತು. ಸತುನಿಯ ರಸ್ತೆ ಉಳಿಯಲಿಲ್ಲ. ಒಂದು ವಾರದಲ್ಲಿ ಅವಳನ್ನು ಉದ್ಯಾನಕ್ಕೆ ಹಾಕಿದರು, ಎಲೆ ಗುಡಿಸಲು. ಶಿಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ನೆರಳಲ್ಲಿರ್ತೀಯಲ್ಲ ಮಾಕ್, ಒಳ್ಳೇದೇ ಆಯ್ತು," ಎಂದ ಕುಸ್ನಾದಿ, ಅವಳ ಕಣ್ಣು ತಪ್ಪಿಸಿ. ಎರಡು ತಿಂಗಳಾದರೂ ತಪಾಸಣೆಯವರು ಬರಲಿಲ್ಲ. ಕೊಳವೆಯ ಬಾಯಿಗೆ ಜಾಲರಿ ಬೀಳಲಿಲ್ಲ. ಆ ಮಧ್ಯೆ ರುಕಾನಾ ಪಂಜರಕ್ಕೆ ಹೊಸ ಮರಿ ಬಿಟ್ಟಿದ್ದಳು. ಅಕ್ಕನೊಂದಿಗೆ ಮಾತು ಕಡಿಮೆಯಾಗಿತ್ತು, ಆದರೆ ಮಧ್ಯಾಹ್ನದ ಅನ್ನದ ಪೊಟ್ಟಣ ಮಾತ್ರ ದಿನಾ ಉದ್ಯಾನಕ್ಕೆ ಬರುತ್ತಿತ್ತು.

ಒಂದು ರಜೆಯ ಬೆಳಗ್ಗೆ ಸತುನಿ ತನ್ನ ಹಳೇ ರಸ್ತೆಗೆ ಬಂದಳು. ಮಳೆ ನಿಂತು ಮೂರು ವಾರವಾಗಿತ್ತು, ಆಕಾಶ ಮತ್ತೆ ಕಟ್ಟುತ್ತಿತ್ತು. ಹೊಸದಾಗಿ ಬಂದ ಗುಡಿಸುವವನು ಮತ್ರಾಜಿ, ನಲವತ್ತು ದಾಟಿದ ಮದುರಾ ದ್ವೀಪದ ಗಂಡಸು, ಕೆಂಪು ದೀಪದ ಹತ್ತಿರ ಎಲೆಯನ್ನು ಬೇರೆ ಮಾಡಿ ಧೂಳನ್ನು ಅಂಚಿಗೆ ಒತ್ತುತ್ತಿದ್ದ. ಹತ್ತನೇ ಕಿಂಡಿಗೆ ಕೊನೆಯ ಬೀಸು ಬೀಸಲು ಪೊರಕೆ ಎತ್ತಿದ.

"ಅಲ್ಲಿ ಹಾಕ್ಬೇಡ."

"ಮೇಸ್ತ್ರಿ ಹೇಳಿದ್ದು ಹೀಗೇ. ಮಳೆ ಪಾಲಂತೆ," ಎಂದ ಮತ್ರಾಜಿ.

ಸತುನಿಯ ಕಿವಿ ಬಿಸಿಯಾಯಿತು. ಮೂರು ಹಾಳೆ ಕಾಗದ, ಅಷ್ಟು ಸಹಿ, ತನ್ನ ರಸ್ತೆ, ಎಲ್ಲ ಕೊಟ್ಟಾದ ಮೇಲೂ ಅದೇ ಪಾಠ, ಅದೇ ಬಾಯಿಂದ. ಅವಳು ಹೋಗಿ ಕಿಂಡಿಯ ಬಾಯಿಗೆ ಅಡ್ಡಲಾಗಿ, ಬೆನ್ನು ಅದಕ್ಕೆ ಕೊಟ್ಟು, ರಸ್ತೆಯಂಚಿಗೆ ಕೂತಳು. ಜೊತೆಗೆ ತಂದಿದ್ದ ಅನ್ನದ ಪೊಟ್ಟಣ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಎದ್ದೇಳು ಮಾಕ್. ಗಾಡಿ ಬರ್ತವೆ."

"ಬರ್ಲಿ. ನಿಂಗೆ ಗುಡಿಸ್ಬೇಕಾದ್ರೆ ನನ್ನ ಅನ್ನದ ಮೇಲೇ ಗುಡಿಸು. ಇಷ್ಟು ವರ್ಷ ಹೊಳೆ ಮೀನಲ್ಲಿ ಈ ಧೂಳನ್ನೇ ತಿಂದಿದೀನಿ."

ಸಿಗ್ನಲಿನಲ್ಲಿ ನಿಂತವರು ಇಣುಕಿ ನೋಡಿದರು. ಮುದುಕಿ ಮೀನಿನ ಮುಳ್ಳು ಬಿಡಿಸುತ್ತ, ಆತುರವಿಲ್ಲದೆ ಉಣ್ಣುತ್ತಿದ್ದಳು. ಕೊನೆಗೆ ಮತ್ರಾಜಿ ಒಂದು ಖಾಲಿ ಚೀಲ ಕೊಡವಿ, ಧೂಳನ್ನು ಮೊರದಲ್ಲಿ ಎತ್ತಿ ಅದಕ್ಕೆ ತುಂಬತೊಡಗಿದ.

"ಲಾರಿಯೋರು ಎತ್ತಲ್ಲ ಅಂದ್ರೆ?"

"ಜಗಳ ಆಡು. ನಾನು ಆಡಿರಲಿಲ್ಲ, ಅದೇ ತಪ್ಪಾಯ್ತು."

ಅವಳು ಸೊಂಟದಿಂದ ಹಗ್ಗ ಬಿಚ್ಚಿ ಸೂಜಿಗಲ್ಲನ್ನು ಅವನ ಪೊರಕೆಯ ಹಿಡಿಗೆ ಬಿಗಿದಳು. ಗಂಡ ಹಾಕಿದ್ದ ಹಾಗೇ, ಎರಡು ಸುತ್ತು, ಒಂದು ಗಂಟು. "ಮೊಳೆ ಸಿಕ್ರೆ ಮಾರ್ಕೋ. ಗಡ್ಡ ಬಂದ್ರೆ ಚೀಲಕ್ಕೆ."

"ಇವತ್ತು ಸರಿ. ನಾಳೆ?" ಎಂದ ಮತ್ರಾಜಿ.

ಸತುನಿ ಎಲೆಯ ಪೊಟ್ಟಣ ಮಡಿಸಿದಳು, ಅದನ್ನೂ ಅವನ ಚೀಲಕ್ಕೇ ಹಾಕಿದಳು. ಮಂಡಿ ಹಿಡಿದು ಎದ್ದು, ಹನ್ನೊಂದನೇ ಕಿಂಡಿಯ ಕಡೆ ನಡೆದು, ಅಲ್ಲಿ ಕೂತಳು. ದೂರದಲ್ಲಿ, ಸೇತುವೆಯ ಆಚೆ, ಮೊದಲ ಗುಡುಗು ಕೇಳಿಸಿತು.

"ಬೇಗ ಬಾ," ಎಂದಳು. "ಇನ್ನೂ ಏಳಿವೆ."